ಶೆಲ್ಟರ್‌ನಿಂದ ನಾಯಿ ತರುವ ಮುನ್ನ, ತಂದ ಮೇಲೆ: ಬೆಂಗಳೂರಿನವರಿಗೆ ಒಂದು ಮಾರ್ಗದರ್ಶಿ

‘ಶೆಲ್ಟರ್‌ನಿಂದ ಒಂದು ನಾಯಿ ತರಬೇಕು ಅಂತಿದ್ದೀವಿ. ಏನೇನು ಮಾಡಬೇಕು? ಲೈಸೆನ್ಸ್ ಬೇಕಾ? ಅಪಾರ್ಟ್‌ಮೆಂಟ್‌ನವರು ಬೇಡ ಅಂದ್ರೆ ಏನು ಮಾಡೋದು?’ ಈ ಮೂರು ಪ್ರಶ್ನೆಗಳು ನನಗೆ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದತ್ತು ಹೋದ ನಾಯಿ ತಿಂಗಳೊಳಗೆ ಶೆಲ್ಟರ್‌ಗೆ ವಾಪಸ್ ಬಂದರೆ, ನಾನು ನೋಡಿದ ಮಟ್ಟಿಗೆ, ತಪ್ಪು ನಾಯಿಯದ್ದಾಗಿರುವುದು ಅಪರೂಪ. ಮನೆ ಓನರ್‌ಗೆ ಹೇಳಿರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಇಷ್ಟವಿರುವುದಿಲ್ಲ. ಬೆಳಿಗ್ಗೆ ಯಾರು ಹೊರಗೆ ಕರೆದುಕೊಂಡು ಹೋಗಬೇಕು ಅಂತ ತೀರ್ಮಾನ ಆಗಿರುವುದಿಲ್ಲ. ಅಂದರೆ ನಾಯಿ ಬರುವ ಮೊದಲು ಮುಗಿಸಬೇಕಿದ್ದ ಕೆಲಸ ಬಾಕಿ ಉಳಿದಿರುತ್ತದೆ. ಅದಕ್ಕೇ ಈ ಲೇಖನದ ಅರ್ಧ ಭಾಗ ನಾಯಿ ಮನೆಗೆ ಬರುವ ಮೊದಲಿನದ್ದು. ಆ ಭಾಗವನ್ನು ದಯವಿಟ್ಟು ಹಾರಿಸಬೇಡಿ.

1. ಮನೆಯವರ ಜೊತೆ ಕೂತು ಮಾತಾಡಿ

ಮನೆಯ ಎಲ್ಲರೂ ಒಪ್ಪಬೇಕು. ‘ತಂದ ಮೇಲೆ ಅಮ್ಮ ಒಪ್ಪುತ್ತಾರೆ ಬಿಡಿ’ ಅನ್ನುವ ಲೆಕ್ಕ ಬೇಡ. ಅಮ್ಮ ಒಪ್ಪಲೂಬಹುದು. ಒಪ್ಪದಿದ್ದರೆ ಪೆಟ್ಟು ಬೀಳುವುದು ನಾಯಿಗೆ. ದೇವರ ಕೋಣೆಗೆ, ಅಡುಗೆಮನೆಗೆ ಬಿಡಬೇಕಾ ಬೇಡವಾ, ಮಂಚದ ಮೇಲೆ ಮಲಗಬಹುದಾ, ಮನೆಯೊಳಗೆ ಮೊಟ್ಟೆ ಅಥವಾ ಕೋಳಿ ಬೇಯಿಸಬಹುದಾ, ಇವೆಲ್ಲ ಚಿಕ್ಕ ವಿಷಯ ಅನಿಸುತ್ತವೆ. ಜಗಳ ಶುರುವಾಗುವುದು ಅಲ್ಲೇ. ಈಗಲೇ ಮಾತಾಡಿ ಮುಗಿಸಿ.

ಇನ್ನೂ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ.

ಸಮಯ: ದೊಡ್ಡ ನಾಯಿಗೆ ದಿನಕ್ಕೆ ಕಡಿಮೆ ಅಂದರೂ ಎರಡು ಸಲ, ಒಟ್ಟು ಒಂದು ಗಂಟೆ ಹೊರಗೆ ಸುತ್ತಾಟ ಬೇಕು. ಮರಿಗೆ ಎರಡು ಮೂರು ಗಂಟೆಗೊಮ್ಮೆ ಉಚ್ಚೆಗೆ ಕರೆದೊಯ್ಯುವವರು ಬೇಕು. ಇಬ್ಬರೂ ಬೆಳಿಗ್ಗೆ 8ಕ್ಕೆ ಮನೆ ಬಿಟ್ಟು ರಾತ್ರಿ 8ಕ್ಕೆ ಬರುವವರಾದರೆ ಮರಿ ತರಬೇಡಿ.

ದುಡ್ಡು: ದತ್ತು ಪಡೆಯುವಾಗ ಖರ್ಚು ಕಡಿಮೆ. ಆಮೇಲಿನದ್ದು ಪ್ರತಿ ತಿಂಗಳು ಬರುವ ಖರ್ಚು. ಊಟ, ಉಣ್ಣೆಗೆ ಔಷಧಿ, ಲಸಿಕೆ ಎಲ್ಲ ಸೇರಿ ನಮ್ಮ ಮನೆಯ 18 ಕೆಜಿ ನಾಯಿಗೆ ತಿಂಗಳಿಗೆ ಮೂರು ಸಾವಿರದ ಆಸುಪಾಸು ಆಗುತ್ತದೆ. ಕಾಯಿಲೆ ಬಿದ್ದರೆ ಅದು ಬೇರೆ ಲೆಕ್ಕ. ಆ ದಿನಕ್ಕೆ ಅಂತ ಸ್ವಲ್ಪ ದುಡ್ಡು ಎತ್ತಿಡಿ.

ವರ್ಷಗಳು: ನಾಡನಾಯಿಗಳು ಮನೆಯಲ್ಲಿ ಚೆನ್ನಾಗಿ ಸಾಕಿದರೆ 12–15 ವರ್ಷ ಬದುಕುತ್ತವೆ. ಮದುವೆ, ವರ್ಗಾವಣೆ, ವಿದೇಶದ ಕೆಲಸ ಎಲ್ಲ ಈ ಹದಿನೈದು ವರ್ಷದೊಳಗೇ ಬರುವುದು. ಆಗ ನಾಯಿ ಯಾರ ಬಳಿ ಇರುತ್ತದೆ ಅಂತ ಈಗಲೇ ಕೇಳಿಕೊಳ್ಳಿ.

2. ಬಾಡಿಗೆ ಮನೆಯಾದರೆ ಕರಾರು ಪತ್ರ ತೆಗೆದು ಓದಿ

ಇಲ್ಲಿ ಬಹಳ ಜನ ಎಡವುತ್ತಾರೆ. ‘ಸಾಕುಪ್ರಾಣಿ ನಿಷೇಧಿಸುವ ಹಕ್ಕು ಯಾರಿಗೂ ಇಲ್ಲ’ ಅಂತ ವಾಟ್ಸಾಪ್‌ನಲ್ಲಿ ಓದಿರುತ್ತಾರೆ. ಆ ಮಾತು ಹುಟ್ಟಿದ್ದು ಅಪಾರ್ಟ್‌ಮೆಂಟ್ ಸಂಘಗಳ ವಿಷಯದಲ್ಲಿ. ಬಾಡಿಗೆ ಕರಾರು ನಿಮ್ಮ ಮತ್ತು ಮನೆ ಮಾಲೀಕರ ನಡುವಿನ ಒಪ್ಪಂದ. ‘ಪ್ರಾಣಿ ಸಾಕುವಂತಿಲ್ಲ’ ಅನ್ನುವ ಸಾಲಿನ ಕೆಳಗೆ ಸಹಿ ಹಾಕಿದ ಮೇಲೆ ನಾಯಿ ತಂದು ವಾದ ಮಾಡುವುದು ಕಷ್ಟ. ಗೆದ್ದರೂ ಮುಂದಿನ ಹನ್ನೊಂದು ತಿಂಗಳಿಗೆ ಕರಾರು ನವೀಕರಿಸುವುದು ಅನುಮಾನ.

ಹಾಗಾಗಿ ಓನರ್ ಜೊತೆ ಮೊದಲೇ ಮಾತಾಡಿ. ಒಪ್ಪಿದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒಂದು ಮೆಸೇಜ್ ಆದರೂ ಸಾಕು: ‘ನಾವು ಒಂದು ನಾಯಿ ಸಾಕುತ್ತಿದ್ದೇವೆ, ನೀವು ಒಪ್ಪಿದ್ದೀರಿ.’ ಅದಕ್ಕೆ ಅವರ ‘ಸರಿ’ ಅನ್ನುವ ಉತ್ತರ ಇರಲಿ. ಶೆಲ್ಟರ್‌ನವರೂ ಇದನ್ನು ಕೇಳುವುದುಂಟು.

3. ಮರಿಯಾ, ದೊಡ್ಡದಾ? ನಾಡನಾಯಿಯಾ, ಜಾತಿನಾಯಿಯಾ?

ಎಲ್ಲರಿಗೂ ಮರಿಯೇ ಬೇಕು. ನನ್ನನ್ನು ಕೇಳಿದರೆ, ಮೊದಲ ಸಲ ನಾಯಿ ಸಾಕುವವರಿಗೆ ಎರಡು ವರ್ಷ ದಾಟಿದ ನಾಯಿಯೇ ಒಳ್ಳೆಯದು. ಅದರ ಗಾತ್ರ, ಸ್ವಭಾವ, ಮಕ್ಕಳ ಜೊತೆ ಹೇಗಿರುತ್ತದೆ ಅನ್ನುವುದು ಗೊತ್ತಿರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಹೆಚ್ಚಾಗಿ ಆಗಿರುತ್ತವೆ. ಚಪ್ಪಲಿ ಕಚ್ಚುವ ವಯಸ್ಸು ಕಳೆದಿರುತ್ತದೆ. ದೊಡ್ಡ ನಾಯಿ ನಮ್ಮನ್ನು ಹಚ್ಚಿಕೊಳ್ಳುವುದಿಲ್ಲ ಅನ್ನುವುದು ತಪ್ಪು ತಿಳುವಳಿಕೆ. ಸ್ವಲ್ಪ ಸಮಯ ಬೇಕು, ಅಷ್ಟೇ.

ಮರಿಯೇ ಬೇಕು ಅಂದರೆ ಎಂಟು ವಾರ ತುಂಬಿರಲಿ. ನಾಯಿ ಮಾರುವವರ ಮೇಲೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ. ದತ್ತಿಗೂ ಅದೇ ವಯಸ್ಸು ಸರಿ. ತಾಯಿ, ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಅದು ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಕಲಿಯುತ್ತದೆ.

ಶೆಲ್ಟರ್‌ಗಳಲ್ಲಿ ಲ್ಯಾಬ್ರಡಾರ್, ಸೈಬೀರಿಯನ್ ಹಸ್ಕಿ, ರಾಟ್‌ವೈಲರ್‌ಗಳೂ ಸಿಗುತ್ತವೆ. ಸಾಕಲಾರದೆ ಬಿಟ್ಟು ಹೋದವು. ಹಸ್ಕಿಯ ದಪ್ಪ ಕೂದಲು ನಮ್ಮ ಏಪ್ರಿಲ್ ಬಿಸಿಲಿಗೆ ಹೊಂದುವುದಿಲ್ಲ. ರಾಟ್‌ವೈಲರ್ ಅನುಭವ ಇಲ್ಲದವರ ಕೈಗೆ ಬೇಡ. ನಾಡನಾಯಿಗೆ ಕೂದಲು ಗಿಡ್ಡ, ಈ ಹವೆ ಅದರದ್ದೇ. ಒಂದು ಸ್ಪಷ್ಟನೆಯನ್ನೂ ಇಲ್ಲೇ ಕೊಡುತ್ತೇನೆ, ಈಗಲೂ ಜನ ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ನಿಷೇಧಿಸಬೇಕೆಂದು ಸುತ್ತೋಲೆ ಕಳಿಸಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು.

ಬೀದಿನಾಯಿಯ ಒಂದು ಕಿವಿಯ ತುದಿಯಲ್ಲಿ ಚೂರು ಕತ್ತರಿಸಿದ್ದು ನೋಡಿರುತ್ತೀರಿ. ಅದು ಗಾಯವಲ್ಲ, ಗುರುತು. ಎಬಿಸಿ ಆಗಿದೆ ಅಂತ ಅರ್ಥ. ಎಬಿಸಿ ಅಂದರೆ ಬೀದಿನಾಯಿಗಳಿಗೆ ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವ ಕಾರ್ಯಕ್ರಮ. ಈ ಗುರುತಿರುವ ನಾಯಿಯನ್ನು ದತ್ತು ಪಡೆದರೆ ಆಪರೇಷನ್ ಖರ್ಚು ಉಳಿಯಿತು. ಲಸಿಕೆ ಮಾತ್ರ ವರ್ಷ ವರ್ಷ ಹಾಕಿಸಬೇಕು.

4. ಎಲ್ಲಿಂದ ತರಬೇಕು

ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕೂಪಾ, ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ (ಜನ ‘ಕೇರ್’ ಅನ್ನುತ್ತಾರೆ), ಕರುಣಾ ಅನ್ನುವ ಪ್ರಾಣಿರಕ್ಷಣಾ ಸಂಸ್ಥೆಗಳು ಇವೆ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ಇವಲ್ಲದೆ ಫಾಸ್ಟರ್‌ಗಳು ಇರುತ್ತಾರೆ. ರಕ್ಷಿಸಿದ ನಾಯಿಗೆ ಕಾಯಂ ಮನೆ ಸಿಗುವವರೆಗೆ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಫಾಸ್ಟರ್ ಅಂತಾರೆ. ಮನೆಯಲ್ಲಿ ಆ ನಾಯಿ ಹೇಗಿರುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಸುಮ್ನೆ ಫೋಟೋ ನೋಡಿ ಹೂಂ ಅನ್ನಬೇಡಿ. ಎರಡು ಮೂರು ಸಲ ಹೋಗಿ ನಾಯಿಯನ್ನು ನೋಡಿ.

ನಿಮ್ಮ ಬೀದಿಯ ನಾಯಿಯನ್ನೇ ಮನೆಗೆ ಸೇರಿಸಬೇಕು ಅಂತಿದ್ದರೆ ಅದಕ್ಕೂ ದಾರಿ ಇದೆ. 2025ರ ಆಗಸ್ಟ್ 22ರಂದು ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಬೀದಿನಾಯಿ ದತ್ತು ಪಡೆಯಬೇಕೆನ್ನುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು. ನಾಯಿಯನ್ನು ಗುರುತಿಸಿ, ಟ್ಯಾಗ್ ಹಾಕಿ ಕೊಡುತ್ತಾರೆ. ಒಮ್ಮೆ ದತ್ತು ಪಡೆದ ಮೇಲೆ ಅದು ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವುದು ಪಡೆದವರ ಜವಾಬ್ದಾರಿ. ಕರೆದೊಯ್ಯುವ ಮೊದಲು ಆ ಬೀದಿಯಲ್ಲಿ ಅದಕ್ಕೆ ದಿನಾ ಊಟ ಹಾಕುವವರಿಗೆ ಒಂದು ಮಾತು ಹೇಳಿ. ಇಲ್ಲದಿದ್ದರೆ ಅವರು ರಾತ್ರಿಯಿಡೀ ಹುಡುಕುತ್ತಾರೆ.

ಒಂದು ಎಚ್ಚರಿಕೆ. ‘ಲ್ಯಾಬ್ರಡಾರ್ ಮರಿ, ಉಚಿತ ದತ್ತು, ಸಾಗಣೆ ಖರ್ಚು ಮಾತ್ರ ಕಳಿಸಿ’ ಅನ್ನುವ ಜಾಹೀರಾತು ಕಂಡರೆ ದುಡ್ಡು ಹಾಕಬೇಡಿ. ನಾಯಿಯನ್ನು ಕಣ್ಣಾರೆ ನೋಡುವ ಮೊದಲು ಮುಂಗಡ ಕೇಳುವವರು ಮೋಸ ಮಾಡುವವರೇ ಅಂದುಕೊಳ್ಳಿ. ಒಳ್ಳೆಯ ಸಂಸ್ಥೆ ಲಸಿಕೆ, ಆಪರೇಷನ್ ವೆಚ್ಚ ಅಂತ ಸ್ವಲ್ಪ ಹಣ ಕೇಳಬಹುದು. ಅದು ನಾಯಿಯನ್ನು ಕೊಡುವಾಗ, ರಸೀದಿ ಜೊತೆ.

5. ಫಾರ್ಮ್, ಹೋಮ್ ಚೆಕ್, ಕರಾರು

ಶೆಲ್ಟರ್‌ನವರು ಉದ್ದದ ಫಾರ್ಮ್ ಕೊಡುತ್ತಾರೆ. ಬಾಡಿಗೆ ಮನೆಯಾ, ಮನೆಯಲ್ಲಿ ಎಷ್ಟು ಜನ, ಹಿಂದೆ ಸಾಕಿದ ನಾಯಿ ಏನಾಯಿತು, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಎಲ್ಲ ಕೇಳುತ್ತಾರೆ. ಕೆಲವರಿಗೆ ಸಿಟ್ಟು ಬರುತ್ತದೆ. ಸಿಟ್ಟಾಗಬೇಡಿ. ಒಮ್ಮೆ ಬೀದಿಗೆ ಬಿದ್ದ ನಾಯಿ ಎರಡನೇ ಸಲ ಬೀಳಬಾರದು ಅನ್ನುವುದೇ ಅವರ ಚಿಂತೆ.

ಹೋಮ್ ಚೆಕ್ ಅಂದರೆ ಮನೆ ನೋಡಲು ಬರುವುದು. ಮನೆ ದೊಡ್ಡದಾ ಚಿಕ್ಕದಾ ಅಂತ ಅಳೆಯಲು ಯಾರೂ ಬರುವುದಿಲ್ಲ. ಬಾಲ್ಕನಿ ಗ್ರಿಲ್ ಸಂದಿ ಎಷ್ಟಿದೆ, ಗೇಟಿನ ಕೆಳಗೆ ನುಸುಳುವಷ್ಟು ಜಾಗ ಇದೆಯಾ, ಟೆರೇಸ್ ಬಾಗಿಲಿಗೆ ಚಿಲಕ ಇದೆಯಾ ಅಂತ ನೋಡುತ್ತಾರೆ.

ಕೊನೆಗೆ ದತ್ತು ಕರಾರಿಗೆ ಸಹಿ. ಎರಡು ಷರತ್ತು ಸಾಮಾನ್ಯ: ಸಂತಾನಹರಣ ಆಗಿರದಿದ್ದರೆ ವಯಸ್ಸಿಗೆ ಬಂದಾಗ ಮಾಡಿಸಬೇಕು. ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ ಅವರಿಗೇ ಹಿಂದಿರುಗಿಸಬೇಕು. ಲಸಿಕೆ ಕಾರ್ಡ್, ಚಿಕಿತ್ಸೆಯ ಚೀಟಿಗಳು, ಆಪರೇಷನ್ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ. ಮುಂದೆ ಲೈಸೆನ್ಸಿಗೆ ಇವೇ ಬೇಕು.

6. ನಾಯಿ ಬರುವ ಹಿಂದಿನ ದಿನ

ದೊಡ್ಡ ಪಟ್ಟಿ ಬೇಡ. ಎರಡು ಸ್ಟೀಲ್ ಬಟ್ಟಲು, ಹಳೆಯ ಬೆಡ್‌ಶೀಟ್ ಅಥವಾ ಕಂಬಳಿ, ನಾಯಿಯನ್ನು ಹಿಡಿದು ನಡೆಸಲು ಆರಡಿ ಉದ್ದದ ಗಟ್ಟಿ ಲೀಶ್, ಕಾಲರ್, ಎದೆಗೆ ಸುತ್ತಿ ಕಟ್ಟುವ ಹಾರ್ನೆಸ್, ನಿಮ್ಮ ಫೋನ್ ನಂಬರ್ ಕೊರೆಸಿದ ಒಂದು ಬಿಲ್ಲೆ. ಇಷ್ಟು ಸಾಕು. ಬಿಲ್ಲೆ ಮಾತ್ರ ಮೊದಲ ದಿನವೇ ಕೊರಳಲ್ಲಿರಬೇಕು.

ನೆಲಕ್ಕೆ ಬಳಿಯುವ ಫಿನೈಲ್, ಇಲಿ ಪಾಷಾಣ, ಜಿರಲೆ ಔಷಧಿ, ಮಾತ್ರೆ ಡಬ್ಬಿ, ಎಲ್ಲವನ್ನೂ ಮೇಲೆ ಇಡಿ. ಕರೆಂಟ್ ವೈರ್‌ಗಳನ್ನು ಎತ್ತಿ ಕಟ್ಟಿ. ಹಿಂದೆ ನಿಮ್ಮ ಮನೆಯಲ್ಲಿ ಮರಿಯೊಂದು ಪಾರ್ವೋದಿಂದ ಸತ್ತಿದ್ದರೆ ಈ ಮಾತನ್ನು ಗಮನವಿಟ್ಟು ಓದಿ. ಪಾರ್ವೋ ಅಂದರೆ ಮರಿಗಳಿಗೆ ರಕ್ತಭೇದಿ, ವಾಂತಿ ತರುವ ವೈರಸ್ ಕಾಯಿಲೆ. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನೈಲ್‌ಗೆ ಅದು ಸಾಯುವುದಿಲ್ಲ, ನೀರು ಬೆರೆಸಿದ ಬ್ಲೀಚ್ ಬೇಕು. ಅಂಥ ಮನೆಗೆ ಲಸಿಕೆ ಪೂರ್ತಿ ಆಗದ ಮರಿ ತರಲೇಬೇಡಿ. ಲಸಿಕೆ ಆದ ದೊಡ್ಡ ನಾಯಿ ತನ್ನಿ.

7. ಮೊದಲ ದಿನ, ಮೊದಲ ತಿಂಗಳು

ಶನಿವಾರ ಬೆಳಿಗ್ಗೆ ಕರೆತನ್ನಿ. ಎರಡು ದಿನ ರಜೆ ಸಿಗುತ್ತದೆ. ದೀಪಾವಳಿಯ ವಾರ ಮಾತ್ರ ಬೇಡ. ಪಟಾಕಿ ಸದ್ದಿಗೆ ಹೆದರಿ ಓಡಿದ ಹೊಸ ನಾಯಿಗೆ ವಾಪಸ್ ಬರಲು ಮನೆ ದಾರಿಯೇ ಗೊತ್ತಿರುವುದಿಲ್ಲ.

ನಾಯಿ ತಪ್ಪಿಸಿಕೊಳ್ಳುವುದು ಎಲ್ಲಿ ಗೊತ್ತಾ? ಕಾರಿನ ಬಾಗಿಲಿನಿಂದ ಮನೆಯ ಗೇಟಿನವರೆಗಿನ ಹತ್ತು ಹೆಜ್ಜೆಯಲ್ಲಿ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಸರಿಯುತ್ತದೆ. ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ, ಹಿಂಗಾಲಲ್ಲಿ ಒಂದೆರಡು ಹೆಜ್ಜೆ ಹಿಂದೆ ಹೋದರೆ ಸಾಕು, ಸಡಿಲ ಕಾಲರ್ ಕಿವಿಯ ಮೇಲಿಂದ ಜಾರಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ನಾಯಿ ಇರುವುದಿಲ್ಲ. ಕಾಲರ್ ಮತ್ತು ಕತ್ತಿನ ನಡುವೆ ಎರಡು ಬೆರಳು ಮಾತ್ರ ಹೋಗಬೇಕು. ಮೊದಲ ತಿಂಗಳು ಕಾಲರ್‌ಗೆ ಒಂದು, ಹಾರ್ನೆಸ್‌ಗೆ ಒಂದು, ಹೀಗೆ ಎರಡು ಲೀಶ್ ಹಾಕಿ. ನೋಡಲು ಅತಿ ಅನಿಸಬಹುದು. ಆದರೂ ಹಾಕಿ.

ಮನೆಯೊಳಗೆ ಬಂದ ಮೇಲೆ ಏನೂ ಮಾಡದಿರುವುದೇ ಕೆಲಸ. ನೆಂಟರನ್ನು ಕರೆಯಬೇಡಿ. ಮಕ್ಕಳು ತಬ್ಬಿಕೊಳ್ಳುವುದು ಬೇಡ. ಸ್ನಾನ ಬೇಡ. ನಾನು ಫಾಸ್ಟರ್ ಮಾಡಿದ ಒಂದು ಕಪ್ಪು ಹೆಣ್ಣುನಾಯಿ ಮೊದಲ ಎರಡು ದಿನ ವಾಷಿಂಗ್ ಮೆಷಿನ್ ಹಿಂದೆಯೇ ಕೂತಿತ್ತು. ಊಟದ ಬಟ್ಟಲು ಅಲ್ಲೇ ಇಟ್ಟು, ಬೆನ್ನು ತಿರುಗಿಸಿಕೊಂಡು ನೆಲದ ಮೇಲೆ ಪುಸ್ತಕ ಓದುತ್ತಾ ಕೂರುತ್ತಿದ್ದೆ. ಮೂರನೇ ರಾತ್ರಿ ಕಾಲಿನ ಹಿಮ್ಮಡಿಗೆ ಏನೋ ತಣ್ಣಗೆ ತಾಗಿತು. ಅದರ ಮೂಗು. ನಾನು ತಿರುಗಿ ನೋಡಲಿಲ್ಲ. ನೀವೂ ಹಾಗೇ ಮಾಡಿ. ಅದಾಗಿಯೇ ಬರಲಿ.

ನಾಯಿ ಸಾಕುವವರು ಹೇಳುವ ‘ಮೂರು-ಮೂರು-ಮೂರು’ ಲೆಕ್ಕ ಇದೆ. ಗಾಬರಿ ಇಳಿಯಲು ಮೂರು ದಿನ, ಮನೆಯ ದಿನಚರಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನಿಸಲು ಮೂರು ತಿಂಗಳು. ಇದು ಅಂದಾಜು ಮಾತ್ರ. ಕೆಲವು ನಾಯಿಗೆ ಆರು ತಿಂಗಳೂ ಬೇಕಾಗಬಹುದು. ಮೊದಲ ವಾರ ಊಟ ಬಿಡುವುದು, ಮೂಲೆಯಲ್ಲಿ ಉಚ್ಚೆ ಮಾಡುವುದು, ರಾತ್ರಿ ಕುಂಯ್‌ಗುಡುವುದು ಎಲ್ಲ ಸಹಜ. ಹೊಡೆಯಬೇಡಿ, ಮೂತಿಯನ್ನು ಉಚ್ಚೆಗೆ ಒತ್ತಬೇಡಿ. ಅದರಿಂದ ಅದು ಕಲಿಯುವುದು ಒಂದೇ: ನಿಮ್ಮ ಕಣ್ಣಿಗೆ ಬೀಳದಂತೆ ಮಾಡುವುದು. ಊಟ ಆದ ಮೇಲೆ, ನಿದ್ದೆಯಿಂದ ಎದ್ದ ಮೇಲೆ, ಆಟ ಆದ ಮೇಲೆ ಹೊರಗೆ ಕರೆದೊಯ್ಯಿರಿ. ಹೊರಗೆ ಮಾಡಿದ ಕೂಡಲೇ ಒಂದು ಚೂರು ಬೇಯಿಸಿದ ಕೋಳಿ ಕೊಡಿ. ಮನೆಗೆ ಬಂದ ಮೇಲಲ್ಲ, ಅಲ್ಲೇ.

ಮಕ್ಕಳಿರುವ ಮನೆಯಲ್ಲಿ ಎರಡು ನಿಯಮ ಇರಲಿ. ನಾಯಿ ಊಟ ಮಾಡುವಾಗ, ಮಲಗಿರುವಾಗ ಮುಟ್ಟುವಂತಿಲ್ಲ. ದೊಡ್ಡವರು ಇಲ್ಲದೆ ಚಿಕ್ಕ ಮಗು ಮತ್ತು ನಾಯಿ ಒಂದೇ ಕೋಣೆಯಲ್ಲಿ ಇರುವಂತಿಲ್ಲ, ನಾಯಿ ಎಷ್ಟೇ ಸಾಧು ಆಗಿರಲಿ.

8. ಊಟ

ಅನ್ನ-ಮೊಸರು ಹಾಕಿದರೆ ಸಾಕು ಅಂದುಕೊಂಡವರು ನಮ್ಮಲ್ಲಿ ಜಾಸ್ತಿ. ಹೊಟ್ಟೆ ತುಂಬುತ್ತದೆ, ಬೇಕಾದಷ್ಟು ಪ್ರೋಟೀನ್ ಸಿಗುವುದಿಲ್ಲ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಅಥವಾ ಮೀನು, ಕುಂಬಳಕಾಯಿ, ಕ್ಯಾರೆಟ್, ಸ್ವಲ್ಪ ಅನ್ನ ಅಥವಾ ರಾಗಿ ಕೊಡಬಹುದು. ಮಾಂಸ ಬೇಯಿಸದ ಮನೆಯಾದರೆ ಒಳ್ಳೆಯ ರೆಡಿ ಫುಡ್ ಬಗ್ಗೆ ವೈದ್ಯರನ್ನು ಕೇಳಿ. ಶೆಲ್ಟರ್‌ನಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮೊದಲ ವಾರ ಹಾಕಿ, ನಿಧಾನವಾಗಿ ಬದಲಿಸಿ. ಒಮ್ಮೆಲೇ ಬದಲಿಸಿದರೆ ಭೇದಿ ಖಂಡಿತ.

ಕೊಡಲೇಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ. ಸಾರಿನ ಒಗ್ಗರಣೆಯಲ್ಲಿ ಈರುಳ್ಳಿ-ಬೆಳ್ಳುಳ್ಳಿ, ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆ ಅಲ್ವಾ? ಉಳಿದದ್ದನ್ನು ನಾಯಿಗೆ ಹಾಕುವ ಅಭ್ಯಾಸ ಅದಕ್ಕೇ ಬೇಡ ಅನ್ನುವುದು. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

9. ವೈದ್ಯರು, ಲಸಿಕೆ, ಉಣ್ಣೆ

ಮೊದಲ ವಾರದೊಳಗೆ ಪಶುವೈದ್ಯರಿಗೆ ತೋರಿಸಿ. ಮನೆಯಲ್ಲಿ ಬೇರೆ ನಾಯಿ ಇದ್ದರೆ ತೋರಿಸುವವರೆಗೆ ಎರಡನ್ನೂ ಬೇರೆ ಇಡಿ.

ಲಸಿಕೆ ಎರಡು ಬಗೆ. ಒಂದು ‘ಸೆವೆನ್ ಇನ್ ಒನ್’, ‘ನೈನ್ ಇನ್ ಒನ್’ ಅಂತ ಕರೆಯುವ ಮಿಶ್ರ ಲಸಿಕೆ. ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ, ಪಾರ್ವೋ, ಇಲಿ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಮುಂತಾದವುಗಳಿಗೆ ಇದು. ಮರಿಗೆ 6–8 ವಾರಕ್ಕೆ ಶುರು ಮಾಡಿ, 3–4 ವಾರಕ್ಕೊಮ್ಮೆ, ನಾಲ್ಕು ತಿಂಗಳು ತುಂಬುವವರೆಗೆ ಕೊಡುತ್ತಾರೆ. ಇನ್ನೊಂದು ರೇಬಿಸ್ ಲಸಿಕೆ. ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್, ನಂತರ ಪ್ರತಿ ವರ್ಷ. ಲಸಿಕೆ ಪೂರ್ತಿ ಆಗುವವರೆಗೆ ಮರಿಯನ್ನು ಪಾರ್ಕ್, ರಸ್ತೆ ಮೇಲೆ ಇಳಿಸಬೇಡಿ. ಎತ್ತಿಕೊಂಡು ಹೊರಗೆ ತೋರಿಸಿ.

ಜಂತುಹುಳು ಔಷಧಿ ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ, ಮರಿಗೆ ಇನ್ನೂ ಬೇಗ ಬೇಗ.

ಉಣ್ಣೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಕಚ್ಚಿ ತರುವ ಜ್ವರಕ್ಕೆ ‘ಟಿಕ್ ಫೀವರ್’ ಅಂತಾರೆ. ಬೆಂಗಳೂರಿನಲ್ಲಿ ಬಹಳ ಸಾಮಾನ್ಯ, ಬಿಟ್ಟರೆ ಜೀವಕ್ಕೇ ಅಪಾಯ. ಊಟ ಬಿಟ್ಟು ಮಂಕಾಗಿ ಮಲಗಿದರೆ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಅವತ್ತೇ ವೈದ್ಯರ ಬಳಿ ಹೋಗಿ ರಕ್ತಪರೀಕ್ಷೆ ಮಾಡಿಸಿ. ‘ನಾಳೆ ನೋಡೋಣ’ ಬೇಡ. ಜ್ವರ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಮನುಷ್ಯರ ಮಾತ್ರೆ ನಾಯಿಯ ಲಿವರ್, ಕಿಡ್ನಿ ಕೆಡಿಸುತ್ತದೆ.

10. ಲೈಸೆನ್ಸ್ ಮತ್ತು ಕಾನೂನು

ಬೆಂಗಳೂರಿನಲ್ಲಿ ಸಾಕುನಾಯಿಗೆ ಲೈಸೆನ್ಸ್ ಬೇಕು. ಪ್ರತಿ ವರ್ಷ ನವೀಕರಿಸಬೇಕು. ನಾಡನಾಯಿಗೂ ಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮ ಮನೆ ಯಾವ ಪಾಲಿಕೆಗೆ ಸೇರುತ್ತದೆ ಅಂತ ಮೊದಲು ನೋಡಿಕೊಂಡು, ಅಲ್ಲಿನ ಪಶುಪಾಲನಾ ವಿಭಾಗದಲ್ಲಿ ವಿಚಾರಿಸಿ. ಬೇರೆ ಊರಿನವರು ತಮ್ಮ ಪಾಲಿಕೆ ಅಥವಾ ಪುರಸಭೆಯಲ್ಲಿ ಕೇಳಿ.

ಈ ಕಾಗದಗಳು ಕೈಯಲ್ಲಿರಲಿ: ರೇಬಿಸ್ ಲಸಿಕೆಯ ಸರ್ಟಿಫಿಕೇಟ್, ಸಂತಾನಹರಣದ ಸರ್ಟಿಫಿಕೇಟ್, ನಾಯಿಯ ಫೋಟೋ, ನಿಮ್ಮ ಗುರುತಿನ ಚೀಟಿ, ವಿಳಾಸದ ದಾಖಲೆ. ಲಸಿಕೆಯ ಅವಧಿ ಮುಗಿದಿದ್ದರೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮೊದಲು ಲಸಿಕೆ, ಆಮೇಲೆ ಅರ್ಜಿ.

‘ಫ್ಲ್ಯಾಟ್‌ಗೆ ಒಂದೇ ನಾಯಿ’ ಅನ್ನುವ ನಿಯಮ ಇದೆಯಾ ಅಂತ ಕೇಳುತ್ತಾರೆ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟ್‌ಗೆ ಒಂದು, ಸ್ವತಂತ್ರ ಮನೆಗೆ ಮೂರು ಅಂತ ಮಿತಿ ತರಲು ಹೊರಟಿತ್ತು. ವಿರೋಧ ಬಂದ ಮೇಲೆ ಕೈಬಿಟ್ಟಿತು. ಜನರ ಬಾಯಲ್ಲಿ ಮಾತ್ರ ಆ ನಿಯಮ ಉಳಿದುಕೊಂಡಿದೆ.

ಇನ್ನು ಮಾಲೀಕರ ಮೇಲಿರುವ ಹೊಣೆ. 2023ರ ಎಬಿಸಿ ನಿಯಮಗಳ ಪ್ರಕಾರ ಸಾಕುನಾಯಿಯ ಜಂತುಹುಳು ಔಷಧಿ, ಲಸಿಕೆ, ಸಂತಾನಹರಣ ಮಾಲೀಕರದ್ದೇ ಜವಾಬ್ದಾರಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಬಿಟ್ಟು ಹೋಗುವುದು ಅಪರಾಧ. ತೀರಾ ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ಸದಾ ಕಟ್ಟಿಹಾಕಿ ಓಡಾಡಿಸದೇ ಇರುವುದು ಕೂಡ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಬರೆದದ್ದು ಇವತ್ತಿಗೂ ಹಾಗೇ ಇರುವುದು ನನಗೆ ನೋವಿನ ವಿಷಯ. ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು.

ನಿಮ್ಮ ಅಜಾಗರೂಕತೆಯಿಂದ ನಾಯಿ ಬೇರೆಯವರಿಗೆ ಗಾಯ ಮಾಡುವಂತಾದರೆ ಅದೇ ಸಂಹಿತೆಯ 291ನೇ ಸೆಕ್ಷನ್ ನಿಮಗೆ ಅನ್ವಯಿಸುತ್ತದೆ. ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ‘ನಮ್ಮ ನಾಯಿ ಏನೂ ಮಾಡಲ್ಲ’ ಅಂತ ಲೀಶ್ ಬಿಚ್ಚುವವರು ಇದನ್ನು ನೆನಪಿಡಬೇಕು. ಯಾರಿಗಾದರೂ ಕಚ್ಚಿದರೆ, ಉಗುರು ಪರಚಿ ರಕ್ತ ಬಂದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ನಿಮ್ಮ ನಾಯಿಗೆ ಲಸಿಕೆ ಆಗಿದೆ ಅನ್ನುವ ಕಾರಣಕ್ಕೆ ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ಹೋಗದಂತೆ ಸಮಾಧಾನ ಮಾಡಬೇಡಿ.

11. ಅಪಾರ್ಟ್‌ಮೆಂಟ್ ಸಂಘ ಅಡ್ಡಿ ಮಾಡಿದರೆ

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಅದರ ಪ್ರಕಾರ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ಬಹುಮತದ ಠರಾವು ಮಾಡಿದರೂ ಅದು ನಡೆಯುವುದಿಲ್ಲ. ನಾಯಿಯ ಗಾತ್ರ ನೋಡಿ ಬೇಡ ಅನ್ನುವಂತಿಲ್ಲ. ಬೊಗಳುತ್ತದೆ ಅನ್ನುವುದು ನಿಷೇಧಕ್ಕೆ ಕಾರಣವಾಗದು. ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ, ಅದಕ್ಕೆ ಬೇರೆ ಶುಲ್ಕ ಹಾಕುವಂತಿಲ್ಲ. ಕೇರಳ ಹೈಕೋರ್ಟ್ ಕೂಡ 2021ರಲ್ಲಿ ಇಂಥ ನಿಷೇಧದ ಬೈಲಾಗಳು ಕಾನೂನಿಗೆ ವಿರುದ್ಧ ಅಂತ ಹೇಳಿದೆ.

ಇದನ್ನು ಮೊದಲ ದಿನವೇ ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗುಂಪಿನಲ್ಲಿ ಹಾಕಿ ಜಗಳಕ್ಕೆ ನಿಲ್ಲಬೇಡಿ. ಮೊದಲು ಲಸಿಕೆ ಕಾರ್ಡ್ ಮತ್ತು ಲೈಸೆನ್ಸಿನ ಪ್ರತಿ ಸಂಘಕ್ಕೆ ಕೊಡಿ. ಲಿಫ್ಟ್‌ನಲ್ಲಿ ಯಾರಾದರೂ ಹೆದರಿದರೆ ಮುಂದಿನದಕ್ಕೆ ಕಾಯಿರಿ. ಲೀಶ್ ಗಿಡ್ಡ ಹಿಡಿಯಿರಿ. ಕಕ್ಕ ಎತ್ತಲು ಹಳೆಯ ದಿನಪತ್ರಿಕೆ ಸದಾ ಜೇಬಿನಲ್ಲಿರಲಿ, ಎತ್ತಿದ್ದನ್ನು ಬೇರೆಯವರ ಡಬ್ಬಕ್ಕೆ ಹಾಕದೆ ಮನೆಗೆ ತನ್ನಿ. ನಾಯಿಯ ಮೇಲಿನ ದೂರುಗಳಲ್ಲಿ ನಾನು ಕಂಡ ಮಟ್ಟಿಗೆ ಹೆಚ್ಚಿನವು ಕಕ್ಕದ್ದೇ, ಮತ್ತೆ ಆ ದೂರು ನ್ಯಾಯವಾದದ್ದು. ಇಷ್ಟು ಮಾಡಿದ ಮೇಲೂ ‘ನಾಯಿ ಬಿಡಿ, ಇಲ್ಲಾ ಮನೆ ಬಿಡಿ’ ಅಂದರೆ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಆಗ ಮಾರ್ಗಸೂಚಿಯ ಪ್ರತಿ ಲಗತ್ತಿಸಿ ಉತ್ತರ ಬರೆಯಿರಿ.

12. ಆಗಲೇ ಇಲ್ಲ ಅಂದರೆ

ಎಲ್ಲ ಮಾಡಿದ ಮೇಲೂ ಸರಿಹೋಗದ ಸಂದರ್ಭ ಬರುತ್ತದೆ. ಮಗುವಿಗೆ ಜೋರಾದ ಅಲರ್ಜಿ, ಮೊದಲೇ ಇದ್ದ ನಾಯಿಗೆ ಹೊಸದರ ಜೊತೆ ರಕ್ತ ಬರುವಂಥ ಕಚ್ಚಾಟ. ಮೊದಲ ಹದಿನೈದು ದಿನದ ತೊಂದರೆಗಳಲ್ಲಿ ಬಹಳಷ್ಟು ತರಬೇತುದಾರರು ಒಮ್ಮೆ ಮನೆಗೆ ಬಂದು ನೋಡಿದರೆ ಸರಿಯಾಗುತ್ತವೆ. ಆದ್ದರಿಂದ ಮೊದಲು ಶೆಲ್ಟರ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಕೊಡಲೇಬೇಕಾದರೆ ಅವರಿಗೇ ಕೊಡಿ. ‘ಊರಿನ ತೋಟದಲ್ಲಿ ಬಿಡ್ತೀವಿ, ಆರಾಮಾಗಿರುತ್ತೆ’ ಅನ್ನುವ ಯೋಚನೆ ಬೇಡ. ಮನೆಯಲ್ಲಿ ಬೆಳೆದ ನಾಯಿಗೆ ತೋಟದಲ್ಲಿ ಹಾವು, ಚಿರತೆ, ಅಲ್ಲಿನ ನಾಯಿಗಳ ಹಿಂಡು ಯಾವುದೂ ಗೊತ್ತಿರುವುದಿಲ್ಲ. ಹಿಂದಿರುಗಿಸುವಾಗ ಅದು ಮಲಗುತ್ತಿದ್ದ ಕಂಬಳಿಯನ್ನು ತೊಳೆಯದೆ ಜೊತೆಗೆ ಕಳಿಸಿ. ಏನು ತಿನ್ನುತ್ತಿತ್ತು, ಯಾವುದಕ್ಕೆ ಹೆದರುತ್ತಿತ್ತು, ಯಾವ ಹೆಸರಿಗೆ ಓಡಿ ಬರುತ್ತಿತ್ತು ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಮುಂದೆ ಅದನ್ನು ಕರೆದೊಯ್ಯುವ ಮನೆಯವರಿಗೆ ಆ ಹಾಳೆ ಬೇಕಾಗುತ್ತದೆ.